ಸೆರಗಿನ ಮರೆ

ಬಿಜೂರಿನ ನಮ್ಮ ಮನೆಯಲ್ಲಿ ಅಕ್ಕನ ಕಾಯಿಲೆಗೆ ಒಂದು ತಿಂಗಳವರೆಗೆ ಹೆಸರಿರಲಿಲ್ಲ. 'ಬಾವು' ಎಂದೆವು, 'ವಾಯು' ಎಂದೆವು, ಕ್ಯಾನ್ಸರ್ ಎನ್ನಲಿಲ್ಲ. ವೈದ್ಯರ ಕಾಗದವನ್ನು ಪಂಚಾಂಗದ ಎಡೆಯಲ್ಲಿ ಬಚ್ಚಿಟ್ಟವನು ನಾನೇ. ಅದು ದಯೆಯೆಂದೇ ಆಗ ತಿಳಿದಿದ್ದೆ. ಮಣಿಪಾಲಕ್ಕೆ ಹೊರಡುವುದು ಅಷ್ಟು ತಡವಾಯಿತು.

ಆ ದಿನಗಳಲ್ಲಿ ಈ ರೋಗದ ಹೊಸ ಮದ್ದುಗಳ ವಿಷಯ ಓದುತ್ತಿದ್ದಾಗ ಒಂದು ಕಿಣ್ವದ ಕಥೆ ಸಿಕ್ಕಿತು. ಐಡಿಒ ಎಂದು ಅದರ ಚುಟುಕು ಹೆಸರು. ಅದರ ಕೆಲಸ ಸಣ್ಣದು: ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲವನ್ನು ಒಡೆಯುವುದು. ಅದಿಲ್ಲದೆ ದೇಹವನ್ನು ಕಾಯುವ ಟಿ ಜೀವಕೋಶಗಳು ಹಸಿದು ಸುಮ್ಮನಾಗುತ್ತವೆ. ಇಂಥ ಕೆಲಸ ದೇಹಕ್ಕೇಕೆ ಬೇಕು? 1998ರಲ್ಲಿ ಅಮೆರಿಕದ ಮನ್, ಮೆಲರ್ ಎಂಬ ವಿಜ್ಞಾನಿಗಳೂ ಅವರ ಸಂಗಡಿಗರೂ ಬಸುರಿ ಇಲಿಗಳಿಗೆ ಈ ಕಿಣ್ವವನ್ನು ತಡೆಯುವ ಮದ್ದು ಕೊಟ್ಟು ನೋಡಿದರು. ತಂದೆ ಬೇರೆ ತಳಿಯದಾಗಿದ್ದಲ್ಲಿ ಭ್ರೂಣಗಳು ಉಳಿಯಲಿಲ್ಲ. ಮಗುವಿನ ಅರ್ಧ ತಂದೆಯದಲ್ಲವೆ? ತಾಯಿಯ ಕಾವಲಿಗೆ ಅದು ಪರಕೀಯ. ಆ ಕಾವಲನ್ನು ತಣಿಸಿ ಬಸಿರನ್ನು ಸೆರಗಿನ ಮರೆಯಲ್ಲಿಡುವುದರಲ್ಲಿ ಈ ಕಿಣ್ವದ ಕೈಯೂ ಇದೆ. ಎಷ್ಟೋ ಗಡ್ಡೆಗಳು ಅದೇ ಸೆರಗನ್ನು ಎಳೆದು ಹೊದ್ದುಕೊಳ್ಳುತ್ತವೆ.

ರೋಗವನ್ನು ಶತ್ರುವೆನ್ನುವುದು ನಮಗೆ ರೂಢಿ. ಇಲ್ಲಿ ಶತ್ರು ಯಾರು? ಮುಖ ನೋಡದೆ ಮರೆಕೊಡುವುದಕ್ಕೆ ದಯೆ ಎನ್ನಬಹುದೆ? ಕಿಣ್ವಕ್ಕೆ ಕಣ್ಣಿಲ್ಲ, ಅದನ್ನು ಬಿಡೋಣ. ನನಗೆ ಇತ್ತಲ್ಲ! ನಾನು ಮರೆಮಾಡಿ ಕಾದದ್ದು ಅಕ್ಕನನ್ನೋ, ಗಡ್ಡೆಯನ್ನೋ?

ಕಾಗದವನ್ನು ಅವಳ ಕೈಗಿತ್ತು ಇದನ್ನೆಲ್ಲ ಹೇಳಿದೆ. ಮೂರು ಹೆತ್ತವಳು, ಇಲಿಗಳ ಸಂಗತಿ ಕೇಳಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಂಗಾರೆ ಅದನ್ನ್ ತಡೆದ್ರೆ ಗುಣ ಆತ್ತಾ?" ಎಂದಳು.

ಹೌದೆಂದುಬಿಡುವ ಚಪಲ ಮತ್ತೆ ಬಂತು. ಹೇಳಲಿಲ್ಲ. ಎಪಕಾಡೊಸ್ಟಾಟ್ ಎಂಬ ಅಂಥ ಮದ್ದನ್ನು ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ 706 ರೋಗಿಗಳಲ್ಲಿ ಪರೀಕ್ಷಿಸಿದ್ದರು. ಎಲ್ಲರಿಗೂ ಪೆಂಬ್ರೊಲಿಝುಮ್ಯಾಬ್ ಎಂಬ, ದೇಹದ ಕಾವಲನ್ನು ಎಬ್ಬಿಸುವ ಔಷಧಿ. ಜೊತೆಗೆ ಅರ್ಧ ಮಂದಿಗೆ ಈ ಗುಳಿಗೆ, ಉಳಿದವರಿಗೆ ಮದ್ದಿಲ್ಲದ ಗುಳಿಗೆ. 2018ರಲ್ಲಿ ಲೆಕ್ಕ ತೆಗೆದರೆ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಒಂದು ಸೆರಗು ಸರಿಸಿದರೆ ಸಾಲದು. ಗಡ್ಡೆಗೆ ಬೇರೆ ಮರೆಗಳೂ ಇವೆ.

"ಖಾಲಿ ಗುಳ್ಗಿ ತಿಂದರಿಗೆ ಗೊತ್ತಿತ್ತಾ?"

"ಯಾರಿಗೆ ಯಾವುದೆಂದು ಗೊತ್ತಿರಲಿಲ್ಲ ಅಕ್ಕ. ಗೊತ್ತಾಗುವುದಿಲ್ಲ ಎಂಬುದನ್ನು ಮಾತ್ರ ಮೊದಲೇ ಹೇಳಿದ್ದರು. ಒಪ್ಪಿ ಸಹಿ ಹಾಕಿದ್ದರು."

"ಅವ್ರತ್ರ ಕೇಂಡಿದ್ರ್. ನನ್ನತ್ರ ನೀ ಕೇಣ್ಲಿಲ್ಲ" ಎಂದು ಅಕ್ಕ ಕನ್ನಡಕ ಹಾಕಿಕೊಂಡು, ತಿಂಗಳ ಹಿಂದಿನ ಆ ಕಾಗದವನ್ನು ಮೊದಲಿನಿಂದ ಓದತೊಡಗಿದಳು.