ಉಚಿತ ಗಾನವೂ ಕೇಳುವವನ ಋಣವೂ

ದಾನವಾಗಿ ಬಂದ ಹಸುವಿನ ಹಲ್ಲನ್ನು ಎಣಿಸಬಾರದೆಂಬುದು ಹಿರಿಯರ ಮಾತು. ಹಸುವಿನ ವಿಷಯದಲ್ಲಿ ಇದು ಸೌಜನ್ಯವೇ ಸರಿ. ಆದರೆ ಕಲೆಯು ದಾನವಾಗಿ ಬಂದಾಗಲೂ ಈ ನೀತಿ ಸಲ್ಲುವುದೆ? ಹಣ ಕೊಡದೆ ಸಂಗೀತವನ್ನು ಕೇಳಿದವನಿಗೆ ಅದರ ಗುಣದೋಷಗಳನ್ನು ಎಣಿಸುವ ಅಧಿಕಾರವುಂಟೆ?

ಉತ್ತರ ಲಂಡನ್ನಿನ ಇಸ್ಲಿಂಗ್ಟನ್ ಎಂಬಲ್ಲಿ ಯೂನಿಯನ್ ಚಾಪೆಲ್ ಎಂಬ ಕ್ರೈಸ್ತ ಪ್ರಾರ್ಥನಾಮಂದಿರವಿದೆ. ವಾಸ್ತುಶಿಲ್ಪಿ ಜೇಮ್ಸ್ ಕ್ಯೂಬಿಟ್‌ನ ಯೋಜನೆಯಂತೆ 1877 ರಲ್ಲಿ ನಿರ್ಮಿತವಾದ ಕಟ್ಟಡವದು. ಇಲ್ಲಿ 2009 ರಲ್ಲಿ ‘ಡೇಲೈಟ್ ಮ್ಯೂಸಿಕ್’ ಎಂಬ ಕಛೇರಿಗಳು ಆರಂಭವಾದುವು. ಡೇಲೈಟ್ ಎಂದರೆ ಹಗಲ ಬೆಳಕು. ಹೆಸರಿಗೆ ತಕ್ಕಂತೆ ಶನಿವಾರದ ನಡುಹಗಲೇ ಅವುಗಳ ವೇಳೆ. ಡಿಸೆಂಬರಿನಲ್ಲಿ ಲಂಡನ್ನಿನ ಸೂರ್ಯನು ನಾಲ್ಕು ಗಂಟೆಗೆ ಮುಂಚೆಯೇ ಅಸ್ತಮಿಸುವನಾದುದರಿಂದ ಚಳಿಗಾಲದಲ್ಲಿ ಆ ಹೆಸರಿಗೆ ಹೆಚ್ಚಿನ ಅರ್ಥವುಂಟು. ಪ್ರವೇಶಕ್ಕೆ ಕಡ್ಡಾಯವಾದ ದರವಿರಲಿಲ್ಲ. ಮನಸ್ಸಿದ್ದವರು ಶಕ್ತ್ಯನುಸಾರ ಕಾಣಿಕೆ ಸಲ್ಲಿಸಬಹುದಾಗಿತ್ತು. ಜಾನಪದ ಗೀತೆ, ಶಾಸ್ತ್ರೀಯ ವಾದನ, ವಿದ್ಯುದ್ಯಂತ್ರಗಳಿಂದ ಹುಟ್ಟಿಸಿದ ಅಪೂರ್ವ ನಾದಗಳು—ಇಂಥ ಭಿನ್ನ ಜಾತಿಯ ಸಂಗೀತಗಳು ಅಲ್ಲಿ ಒಂದೇ ಸೂರಿನಡಿ ಕೂಡಿಬಂದುವು.

ಹಣ ತೆತ್ತು ಕೇಳುವವನು ಒಂದು ಬಗೆಯಲ್ಲಿ ಗಿರಾಕಿಯೇ ಸರಿ. ತಾನು ಬಲ್ಲುದನ್ನೇ, ತನಗೆ ಮೆಚ್ಚಾದುದನ್ನೇ ಅವನು ನಿರೀಕ್ಷಿಸುವನು. ಅದು ದೊರೆಯದಿದ್ದರೆ ಮೋಸಹೋದೆನೆಂದು ಭಾವಿಸುವನು. ನೂತನ ಪ್ರಯೋಗಕ್ಕೆ ಕೈಹಾಕಿದ ಕಲಾವಿದನಾದರೋ ಯಾವ ಭರವಸೆಯನ್ನೂ ಕೊಡಲಾರನು. ತನ್ನ ಯತ್ನ ಫಲಿಸುವುದೋ ಇಲ್ಲವೋ ಅವನಿಗೇ ತಿಳಿಯದು. ಆದಕಾರಣ ಬೆಲೆಯಿಲ್ಲದ ಸಭೆಯು ಪ್ರಯೋಗಕ್ಕೆ ಅನುಕೂಲವಾದುದು.

ಅನುಕೂಲದ ಜೊತೆಗೆ ಅಪಾಯವೂ ಉಂಟು. ಬಿಟ್ಟಿಯಾಗಿ ದೊರೆತುದನ್ನು ಒಬ್ಬನು ತಾತ್ಸಾರದಿಂದ ಕಾಣುವನು. ಪಕ್ಕದವನೊಡನೆ ಹರಟುತ್ತ ಕುಳಿತು ನಡುವೆಯೇ ಎದ್ದು ಹೋಗುವನು. ಇನ್ನೊಬ್ಬನು ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಎಲ್ಲಕ್ಕೂ ತಲೆದೂಗಿ ಚಪ್ಪಾಳೆ ತಟ್ಟುವನು. ಮೊದಲನೆಯವನು ಒರಟ, ಎರಡನೆಯವನು ಸಭ್ಯನೆಂದು ಲೋಕವೆನ್ನುವುದು. ವಿಚಾರಿಸಿದರೆ ಇಬ್ಬರೂ ಒಂದೇ, ಇಬ್ಬರೂ ಕಿವಿಗೊಡಲಿಲ್ಲ. ತನ್ನ ನಾದವು ಎದುರಿನ ಹೃದಯವನ್ನು ಮುಟ್ಟಿತೆ ಎಂಬುದು ಕಲಾವಿದನ ಪ್ರಶ್ನೆ. ಪೊಳ್ಳು ಹೊಗಳಿಕೆಯು ಅದಕ್ಕೆ ಉತ್ತರವಾಗಲಾರದು. ಇಲ್ಲಿ ಹಲ್ಲನ್ನು ಎಣಿಸುವುದೇ ಧರ್ಮ. ಆದರೆ ಕೊಳ್ಳುವವನ ಸಂಶಯದಿಂದಲ್ಲ, ಮುಂದೆ ಸಾಕತಕ್ಕವನ ಅಕ್ಕರೆಯಿಂದ.

ಆಕ್ಷೇಪಗಳೆರಡು ಏಳಬಹುದು. ಚಳಿಗೆ ನಡುಗಿ, ಬೆಚ್ಚನೆಯ ಜಾಗವೆಂದು ಒಳಬಂದವನಿಗೂ ಈ ಋಣವುಂಟೆ? ಇದೇ ಮಂದಿರದಲ್ಲಿ ನಿರ್ವಸತಿಗರಿಗೆ ನೆರವೀಯುವ ಕಾರ್ಯವೂ ನಡೆದುಬಂದಿದೆ. ಅಂಥವನು ಸುಮ್ಮನೆ ಕುಳಿತರೆ ಸಾಕು. ಬಂದ ಕಾರಣವನ್ನು ಯಾರೂ ಕೇಳತಕ್ಕದ್ದಲ್ಲ. ಬಾಗಿಲು ತೆರೆದಿಟ್ಟವರು ಎಲ್ಲರಿಗಾಗಿ ತೆರೆದಿಟ್ಟರು.

ಎರಡನೆಯದು ಹೆಚ್ಚು ಗಹನವಾದುದು. ಕೇಳುವವನಿಗೆ ಉಚಿತವಾದುದು ನುಡಿಸುವವನಿಗೆ ಉಚಿತವಲ್ಲ. ವರ್ಷಗಟ್ಟಲೆ ಸಾಧನೆ, ವಾದ್ಯದ ಬೆಲೆ, ಮನೆಯ ಬಾಡಿಗೆ—ಇವೆಲ್ಲವನ್ನೂ ಅವನು ತೆತ್ತೇ ಬಂದಿರುವನು. ಉಳ್ಳವನು ಕಾಣಿಕೆಯ ಪೆಟ್ಟಿಗೆಯನ್ನು ಕಂಡೂ ಕಾಣದಂತೆ ದಾಟಿಹೋದರೆ, ತಾನು ಮನವಿಟ್ಟು ಕೇಳಿದೆನೆಂಬ ಸಮಾಧಾನವು ಅವನನ್ನು ಋಣಮುಕ್ತನನ್ನಾಗಿ ಮಾಡದು. ಒಬ್ಬರ ಬಡತನದ ಮೇಲೆ ಇನ್ನೊಬ್ಬರ ರಸಿಕತೆಯು ಬೆಳೆಯುವುದು ನ್ಯಾಯವಲ್ಲ.

ಆ ಮಂದಿರದ ಆರ್ಗನ್ ವಾದ್ಯವನ್ನು ಹೆನ್ರಿ ವಿಲ್ಲಿಸ್ ಎಂಬವನು ನಿರ್ಮಿಸಿದನು. ಪ್ರಾರ್ಥಿಸುವವರ ಚಿತ್ತ ಚಂಚಲವಾಗದಿರಲೆಂದು ಅದನ್ನು ಜಾಲರಿಗಳ ಮರೆಯಲ್ಲಿ ಇಡಲಾಯಿತು. ಸಭೆಗೆ ಕಾಣದವನ ಕೈಯಿಂದ ಹೊಮ್ಮಿದ ನಾದವು ಬಡವನಿಗೂ ಬಲ್ಲಿದನಿಗೂ ಸಮನಾಗಿ ತಲಪುವುದು. ಕಾಣದ ಆ ಕೈಯೂ ದುಡಿಯುತ್ತಿದೆಯೆಂಬ ಅರಿವಿನಿಂದ ಕೇಳುವುದೇ ದಾನವನ್ನು ಸ್ವೀಕರಿಸುವ ಯೋಗ್ಯತೆ.