ಹಳೆಯ ಯಂತ್ರ, ಹೊಸ ಒಡೆಯ

ಹಣ ಕೊಟ್ಟು ಕೊಂಡ ವಸ್ತುವಿನ ಮೇಲೆ ಕೊಂಡವನಿಗೆ ಪೂರ್ಣಾಧಿಕಾರ ಉಂಟೆಂಬುದು ಲೋಕರೂಢಿಯ ಮಾತು. ಕಾನೂನೂ ಬಹುಮಟ್ಟಿಗೆ ಇದನ್ನೇ ಹೇಳುತ್ತದೆ. ಆದರೆ ನೀತಿಯ ವಿಚಾರ ಇಷ್ಟಕ್ಕೇ ಮುಗಿಯುವುದಿಲ್ಲ. ತನಗಿಂತ ಮೊದಲು ಹುಟ್ಟಿದ, ತನ್ನ ನಂತರವೂ ಉಳಿಯಬಲ್ಲ ವಸ್ತುವೊಂದು ಕೈಗೆ ಬಂದಾಗ ಮನುಷ್ಯನು ಅದರ ಒಡೆಯನೋ, ಪಾಲಕನೋ? ಅದನ್ನು ಇದ್ದಂತೆಯೇ ಕಾಯಬೇಕೋ, ತನ್ನ ಮನಸ್ಸಿಗೊಪ್ಪುವಂತೆ ತಿದ್ದಬಹುದೋ? ದೇವಾಲಯಗಳ ಜೀರ್ಣೋದ್ಧಾರ, ಹಸ್ತಪ್ರತಿಗಳ ಸಂರಕ್ಷಣೆ ಇವುಗಳ ಸಂದರ್ಭದಲ್ಲಿ ಈ ಪ್ರಶ್ನೆಯನ್ನು ಕೇಳುವುದು ವಾಡಿಕೆ. ಇಟಲಿಯ ಹಳೆಯ ಮೋಟಾರ್‌ಸೈಕಲ್ಲಿನಂತಹ ಕೇವಲ ಲೌಕಿಕವಾದ ವಸ್ತುವಿನಲ್ಲಿಯೂ ಅದು ಅಷ್ಟೇ ಸ್ಪಷ್ಟವಾಗಿ ಎದುರಾಗುತ್ತದೆ.

ಈ ಯಂತ್ರಗಳ ಹುಟ್ಟಿನ ಹಿಂದೆ ಮನುಷ್ಯರ ಕಷ್ಟಸುಖಗಳಿವೆ. ಪೆಸಾರೊ ನಗರದ ತೆರೇಸಾ ಬೆನೆಲ್ಲಿ ಎಂಬ ವಿಧವೆ ತನ್ನ ಆರು ಮಂದಿ ಗಂಡುಮಕ್ಕಳಿಗೆ ಜೀವನೋಪಾಯವಾಗಲೆಂದು 1911ರಲ್ಲಿ ದುರಸ್ತಿಯ ಕಾರ್ಯಾಗಾರವೊಂದಕ್ಕೆ ಮನೆಯ ಹಣವನ್ನು ತೊಡಗಿಸಿದಳು. ಬೆನೆಲ್ಲಿ ಮೋಟಾರ್‌ಸೈಕಲ್ಲು ಅಲ್ಲಿಂದ ಬಂದುದು. ಕೋಮೊ ಸರೋವರದ ದಡದ ಮಂದೆಲ್ಲೊದಲ್ಲಿ 1921ರಲ್ಲಿ ಆರಂಭವಾದ ಮೋಟೊ ಗುಜ್ಜಿ ಸಂಸ್ಥೆಯ ಲಾಂಛನ ಹದ್ದು. ಸ್ಥಾಪಕರ ಯುದ್ಧಕಾಲದ ಒಡನಾಡಿಯಾಗಿದ್ದು, 1919ರಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡ ಜೊವಾನ್ನಿ ರಾವೆಲ್ಲಿಯ ನೆನಪಿಗಾಗಿ ಅದನ್ನು ಇರಿಸಲಾಯಿತು. ಬೊಲೊನ್ಯದ ಡುಕಾಟಿ ಸಂಸ್ಥೆ 1926ರಲ್ಲಿ ರೇಡಿಯೊ ಬಿಡಿಭಾಗಗಳನ್ನು ತಯಾರಿಸಲು ಹುಟ್ಟಿದುದು. ಯುದ್ಧದಲ್ಲಿ ಕಾರ್ಖಾನೆ ಬಾಂಬಿಗೆ ತುತ್ತಾದ ಮೇಲೆ, ಸೈಕಲ್ಲಿಗೆ ಜೋಡಿಸುವ ಪುಟ್ಟ ಎಂಜಿನ್ನೊಂದರಿಂದ ಅದು ಮೋಟಾರು ಉದ್ಯಮಕ್ಕೆ ಕಾಲಿಟ್ಟಿತು. ಆ ಎಂಜಿನ್ನಿನ ಹೆಸರು ‘ಕುಚ್ಚೊಲೊ’, ಎಂದರೆ ನಾಯಿಮರಿ. ಇಂತಹ ವಸ್ತುವನ್ನು ಕೊಂಡವನು ಬರಿಯ ಲೋಹವನ್ನು ಮಾತ್ರವೇ ಕೊಳ್ಳುವುದಿಲ್ಲ.

ದುರಸ್ತಿಯು ಮೊದಲನೆಯದಾಗಿ ತಾಳ್ಮೆಯ ಪಾಠ. ಸಾಮಾನ್ಯ ಎಂಜಿನ್ನಿನಲ್ಲಿ ವಾಲ್ವನ್ನು ಮುಚ್ಚುವುದು ಸ್ಪ್ರಿಂಗು. ಫಾಬಿಯೊ ತಾಲ್ಯೋನಿ ಎಂಬ ಎಂಜಿನಿಯರನು ಡುಕಾಟಿಗಾಗಿ ರೂಪಿಸಿದ ಡೆಸ್ಮೊಡ್ರೋಮಿಕ್ ವ್ಯವಸ್ಥೆಯಲ್ಲಿ ತೆರೆಯಲು ಒಂದು ಸನ್ನೆ, ಮುಚ್ಚಲು ಇನ್ನೊಂದು ಸನ್ನೆ. ಎರಡರ ಎಡೆಯನ್ನೂ ಮಿಲಿಮೀಟರಿನ ನೂರನೆಯ ಭಾಗದ ಲೆಕ್ಕದಲ್ಲಿ ಅಳೆದು, ತಕ್ಕ ಗಾತ್ರದ ಸಣ್ಣ ಶಿಮ್ ತುಣುಕುಗಳನ್ನು ಇಟ್ಟು ಸರಿಪಡಿಸಬೇಕು. ಅಳೆಯುವುದು, ಬಿಚ್ಚುವುದು, ಇಡುವುದು, ಮತ್ತೆ ಅಳೆಯುವುದು; ಅವಸರಕ್ಕೆ ಅಲ್ಲಿ ಎಡೆಯಿಲ್ಲ. ಮಾಡುವವನ ಪ್ರಮಾದವನ್ನು ಯಂತ್ರವು ಮುಚ್ಚಿಡುವುದೂ ಇಲ್ಲ, ಕ್ಷಮಿಸುವುದೂ ಇಲ್ಲ.

ಎರಡನೆಯದಾಗಿ, ದುರಸ್ತಿಯು ವಿವೇಕದ ಪರೀಕ್ಷೆ. 1960 ಮತ್ತು 70ರ ದಶಕಗಳ ಹಲವು ಗುಜ್ಜಿ ಎಂಜಿನ್ನುಗಳಲ್ಲಿ ಅಲ್ಯೂಮಿನಿಯಂ ಸಿಲಿಂಡರಿನ ಒಳಮೈಗೆ ಕ್ರೋಮಿಯಂ ಲೇಪವಿತ್ತು. ವರ್ಷಗಳು ಕಳೆದಂತೆ ಆ ಲೇಪವು ಹಕ್ಕಳೆಯಾಗಿ ಎದ್ದು, ಎಣ್ಣೆಯೊಡನೆ ಬೆರೆತು, ಎಂಜಿನ್ನಿನ ಒಳಭಾಗಗಳನ್ನು ಸವೆಸುತ್ತದೆ. ಇಂತಹ ಸಿಲಿಂಡರನ್ನು ಸಾಧಾರಣ ರೀತಿಯಲ್ಲಿ ಕೊರೆದು ಸರಿಪಡಿಸಲಾಗದು. ಬೇರೆ ಬಗೆಯ ಗಟ್ಟಿ ಲೇಪವುಳ್ಳ ಹೊಸ ಸಿಲಿಂಡರನ್ನು ಹಾಕುವುದು ತಿಳಿದವರ ಪದ್ಧತಿ. ಇಲ್ಲಿ ಮೂಲವನ್ನು ಉಳಿಸಬೇಕೆಂಬ ಹಟ ಹಿಡಿದರೆ ಯಂತ್ರವೇ ನಾಶವಾಗುತ್ತದೆ. ಆದುದರಿಂದ ರಕ್ಷಣೆಯೆಂದರೆ ಏನನ್ನೂ ಮುಟ್ಟದಿರುವುದಲ್ಲ. ಯಾವುದನ್ನು ಬಿಟ್ಟರೆ ಉಳಿದುದು ಬದುಕುತ್ತದೆಯೆಂಬುದನ್ನು ಅರಿತು ನಡೆಯುವುದು.

ಹಾಗಾದರೆ ಅಗತ್ಯಕ್ಕಲ್ಲದೆ ಅಭಿರುಚಿಗಾಗಿ ಮಾಡುವ ಮಾರ್ಪಾಡು ತಪ್ಪೇ? ತಪ್ಪೆಂದು ಒಮ್ಮೆಗೇ ಹೇಳಲಾಗದು. 1972ರಲ್ಲಿ ಇಮೋಲದ 200 ಮೈಲಿಗಳ ಪಂದ್ಯವನ್ನು ಪಾಲ್ ಸ್ಮಾರ್ಟ್ ಗೆದ್ದ ಡುಕಾಟಿಯೇ ರಸ್ತೆಯಲ್ಲಿ ಓಡುವ 750ರ ಚೌಕಟ್ಟನ್ನು ತಿದ್ದಿ ಮಾಡಿದ ವಾಹನವಾಗಿತ್ತು. ತಿದ್ದುವ ಕೈಗಳಿಲ್ಲದಿದ್ದರೆ ಆ ಗೆಲುವಿರುತ್ತಿರಲಿಲ್ಲ. ಆದರೆ ತಿದ್ದುವಿಕೆಯಲ್ಲಿ ಎರಡು ಬಗೆಗಳುಂಟು. ಬೋಲ್ಟು ಬಿಚ್ಚಿ ಆಸನವನ್ನೋ ಹಿಡಿಕೆಯನ್ನೋ ಬದಲಿಸಿದರೆ ಮುಂದಿನವನು ಅದನ್ನು ಮರಳಿ ಮೊದಲಿನಂತಾಗಿಸಬಲ್ಲನು. ಚೌಕಟ್ಟಿನ ಹಿಂಭಾಗವನ್ನೇ ಕತ್ತರಿಸಿ ಎಸೆದರೆ ಮುಂದಿನವನ ಆಯ್ಕೆಯನ್ನು ಕಸಿದುಕೊಂಡಂತೆ. ಶಬ್ದದ ಸೊಗಸಿಗೆಂದು ಸೈಲೆನ್ಸರನ್ನು ಬೋಳುಮಾಡುವವನು ಬೀದಿಯ ಶಿಶುಗಳ, ರೋಗಿಗಳ ನೆಮ್ಮದಿಯನ್ನೂ ತನ್ನ ಸೊತ್ತೆಂದು ಭಾವಿಸಿದಂತೆ. ತನ್ನದಲ್ಲದುದನ್ನು ಮುಟ್ಟದಿರುವುದೇ ಇಲ್ಲಿ ಅಳತೆಗೋಲು.

ಇನ್ನೂ ಸೂಕ್ಷ್ಮವಾದುದು ಸತ್ಯದ ಪ್ರಶ್ನೆ. ಇಮೋಲದ ಗೆಲುವಿನ ಸ್ಮರಣೆಗಾಗಿ 1974ರಲ್ಲಿ ಬಂದ ಡುಕಾಟಿ 750 ಸೂಪರ್ ಸ್ಪೋರ್ಟ್ ಸುಮಾರು 400ರಷ್ಟು ಮಾತ್ರ ತಯಾರಾಯಿತು. ಅಪರೂಪದ್ದಾದುದರಿಂದ ಅದರ ಬೆಲೆ ಬಹಳ ಹೆಚ್ಚು. ಕುಶಲನಾದ ದುರಸ್ತಿಗಾರನು ಅದೇ ಕಾಲದ ಸಾಧಾರಣ 750 ಜಿಟಿಯನ್ನು ಹಿಡಿದು, ನೋಟಕ್ಕೆ ಎಳ್ಳಷ್ಟೂ ವ್ಯತ್ಯಾಸ ತೋರದಂತೆ ಅದನ್ನು ಸೂಪರ್ ಸ್ಪೋರ್ಟ್ ಆಗಿಸಬಲ್ಲನು. ಇದು ಪ್ರತಿಕೃತಿಯೆಂದು ಹೇಳಿ ಮಾರಿದರೆ ಅವನು ಗೌರವಾರ್ಹನಾದ ಶಿಲ್ಪಿ. ಮೂಲವೆಂದು ಮಾರಿದರೆ ಕಳ್ಳ. ಕೈ ಅದೇ, ಕೆಲಸ ಅದೇ, ಯಂತ್ರವೂ ಅದೇ; ಬದಲಾದುದು ಒಂದು ಮಾತು ಮಾತ್ರ. ಸಿಲಿಂಡರಿನ ಲೇಪ ಏಳತೊಡಗಿದೆಯೆಂದು ತಿಳಿದೂ, ಕೊಳ್ಳುವವನು ಕೇಳಲಿಲ್ಲವಲ್ಲ ಎಂದು ಸುಮ್ಮನಿರುವವನ ಸ್ಥಿತಿಯೂ ಇದೇ. ಅವನು ಸುಳ್ಳಾಡಲಿಲ್ಲ, ನಿಜ. ಆದರೆ ಅವನ ಮೌನಕ್ಕೆ ಬೆಲೆ ತೆತ್ತವನು ಇನ್ನೊಬ್ಬ.

ಯಂತ್ರವನ್ನು ಪ್ರೀತಿಸುವವನಿಗೆ ಕೊನೆಯದಾಗಿ ಎದುರಾಗುವುದು ಆ ಪ್ರೀತಿಯೇ. ವಸ್ತುವು ಬಳಿಯಲ್ಲಿರುವುದಕ್ಕಿಂತ ಅದರಲ್ಲಿ ಮೂಡುವ ಮೂರ್ಛೆಯೇ ಪರಿಗ್ರಹವೆಂಬುದು ಜೈನ ಮನೆಗಳಲ್ಲಿ ಕೇಳಿ ಬೆಳೆದ ವಿಚಾರ. ಒಂದು ಯಂತ್ರವನ್ನು ಚೆನ್ನಾಗಿ ನೋಡಿಕೊಂಡು ಓಡಿಸುವವನಿಗೂ, ಹತ್ತನ್ನು ಕೂಡಿಹಾಕಿ ಬೀಗ ಜಡಿಯುವವನಿಗೂ ಇರುವ ಅಂತರವು ಸಂಖ್ಯೆಯದಲ್ಲ, ಭಾವದ್ದು. ಓಡದ ಯಂತ್ರದ ಪಾಡನ್ನು ಬಲ್ಲವರು ಬಲ್ಲರು: ಕಾರ್ಬುರೇಟರಿನಲ್ಲಿ ಪೆಟ್ರೋಲು ಅಂಟಾಗಿ ಗಟ್ಟಿಯಾಗುತ್ತದೆ, ರಬ್ಬರಿನ ಸೀಲುಗಳು ಬಿರಿಯುತ್ತವೆ, ಟ್ಯಾಂಕು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಬಿಗಿಯಾಗಿ ಹಿಡಿದ ಕೈಯಲ್ಲಿಯೇ ವಸ್ತುವು ಹಾಳಾಗುತ್ತದೆ. ಇಷ್ಟನ್ನು ಮಾತ್ರ ನೋಡಿಕೊಳ್ಳಬಲ್ಲೆನೆಂದು ಪರಿಮಾಣ ಹಾಕಿಕೊಂಡವನು ವಸ್ತುವಿಗೂ ತನಗೂ ಉಪಕಾರ ಮಾಡಿಕೊಂಡಂತೆ.

ಬ್ರೆಗಾಂತ್ಸೆ ಎಂಬ ಊರಿನಲ್ಲಿ ಲಾವೆರ್ದಾ ಮೋಟಾರ್‌ಸೈಕಲ್ಲುಗಳ ತಯಾರಿಕೆ ನಿಂತುಹೋಗಿದೆ. ಆ ಯಂತ್ರಗಳು ಇಂದಿಗೂ ಓಡುತ್ತಿರುವುದು ಒಬ್ಬ ಒಡೆಯನು ಮತ್ತೊಬ್ಬನಿಗೆ ದಾಟಿಸಿದ ತಿಳಿವಳಿಕೆಯಿಂದ. ಒಳ್ಳೆಯ ಒಡೆಯನು ತಾನು ಬದಲಿಸಿದ ಪ್ರತಿಯೊಂದು ಭಾಗವನ್ನೂ ದಿನಾಂಕಸಹಿತ ಒಂದು ಪುಸ್ತಕದಲ್ಲಿ ಬರೆದಿಡುತ್ತಾನೆ. ಬಿಚ್ಚಿದ ಹಳೆಯ ಭಾಗಗಳನ್ನು ಎಸೆಯದೆ ಪೆಟ್ಟಿಗೆಯಲ್ಲಿ ಕಾಯ್ದಿರಿಸುತ್ತಾನೆ. ತನ್ನಿಂದಾದ ತಪ್ಪನ್ನೂ ಅದೇ ಪುಸ್ತಕದಲ್ಲಿ ನಮೂದಿಸುತ್ತಾನೆ. ಕೈ ಬಿಡುವ ದಿನ ಯಂತ್ರದೊಡನೆ ಆ ಪುಸ್ತಕವನ್ನೂ ಪೆಟ್ಟಿಗೆಯನ್ನೂ ಮುಂದಿನವನಿಗೆ ಒಪ್ಪಿಸುತ್ತಾನೆ. ಅಂತಹವನು ವಸ್ತುವನ್ನು ಹೊಂದಿದ್ದನೆನ್ನುವುದಕ್ಕಿಂತ, ತನ್ನ ಸರದಿಯನ್ನು ಸರಿಯಾಗಿ ನಿರ್ವಹಿಸಿದನೆನ್ನುವುದೇ ಯುಕ್ತ.