ಕಡತ ಸುಟ್ಟವರೇ ಪುರಾವೆ ಕೇಳಿದರೆ

"ದಾಖಲೆ ಎಲ್ಲೈತಪ್ಪಾ?" ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದ ನಮ್ಮವರಿಗೆಲ್ಲ ಈ ಪ್ರಶ್ನೆ ಗೊತ್ತು. ದಾಖಲೆ ಇರೋದು ಕೇಳುವವನ ಬೀರುವಿನಲ್ಲೇ. ಬೀಗದ ಕೈ ಅವನ ಜೇಬಿನಲ್ಲೇ. ಆದರೂ ಪುರಾವೆ ತರಬೇಕಾದವರು ನಾವು. ಇಲ್ಲಿ ನಾವು ಬರೆಯಹೊರಟಿರುವುದು ಜಮೀನಿನ ಮಾತಲ್ಲ, ಮನುಷ್ಯನ ತಲೆಯ ಮಾತು. ಪ್ರಶ್ನೆ ಮಾತ್ರ ಅದೇ.

ಹೋದ ವರ್ಷ ಒಂದು ಅಧ್ಯಯನ ಶಿಬಿರದಲ್ಲಿ ರಾತ್ರಿ ಊಟವಾದ ಮೇಲೆ ಒಬ್ಬ ಹುಡುಗ ನಮ್ಮ ಬಳಿ ಬಂದು ಕೂತ. ಓದಿದವನು, ಚೆನ್ನಾಗಿ ಹಾಡುವವನು. "ಸಾರ್, ಯಾವುದೋ ಮಿಷಿನ್ನಿಂದ ನನ್ನ ತಲೆಯೊಳಕ್ಕೆ ಮಾತು ಬಿಡ್ತಾ ಇದಾರೆ. ನಿದ್ದೆ ಮಾಡೋಕೆ ಬಿಡ್ತಾ ಇಲ್ಲ" ಅಂದ. ನಮ್ಮಲ್ಲೊಬ್ಬರು ನಕ್ಕುಬಿಟ್ಟರು. ಇನ್ನೊಬ್ಬರು "ಅಮೆರಿಕದವರು ಏನು ಬೇಕಾದ್ರೂ ಮಾಡ್ತಾರೆ, ನಿಜಾನೇ ಇರಬಹುದು" ಅಂದರು. ನಕ್ಕಿದ್ದೂ ತಪ್ಪು, ತಲೆಯಾಡಿಸಿದ್ದೂ ತಪ್ಪು ಎಂದು ನಮಗೆ ಆಮೇಲೆ ಅನ್ನಿಸಿತು. ಯಾಕೆ ತಪ್ಪು ಅನ್ನೋದನ್ನು ಬಿಡಿಸಿ ನೋಡಬೇಕು.

ಮೊದಲು ನಗುವವರಿಗೆ ಒಂದು ಮಾತು. ಪ್ರಭುತ್ವ ಗುಟ್ಟಾಗಿ ಮನುಷ್ಯರ ಮನಸ್ಸಿಗೆ ಕೈ ಹಾಕಿದ್ದು ಕಟ್ಟುಕತೆಯಲ್ಲ. 1953ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ, 'ಎಂಕೆ-ಅಲ್ಟ್ರಾ' ಎಂಬ ಯೋಜನೆ ಶುರುಮಾಡಿತು. ಮನುಷ್ಯನ ನಡವಳಿಕೆಯನ್ನು ಹತೋಟಿಗೆ ತರುವ ದಾರಿ ಹುಡುಕುವುದೇ ಅದರ ಉದ್ದೇಶ. 149 ಉಪಯೋಜನೆಗಳು, 80 ಸಂಸ್ಥೆಗಳು. ಅದರಲ್ಲಿ 44 ಕಾಲೇಜು-ವಿಶ್ವವಿದ್ಯಾಲಯಗಳು, 12 ಆಸ್ಪತ್ರೆಗಳು, 3 ಜೈಲುಗಳು. ಹೇಳದೆ ಕೇಳದೆ ಜನರಿಗೆ ಎಲ್‌ಎಸ್‌ಡಿ ಎಂಬ ಅಮಲಿನ ರಾಸಾಯನಿಕ ಕುಡಿಸಿದರು. ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ನಿನಲ್ಲಿ ಮಾದಕವಸ್ತುವಿನ ಚಟಕ್ಕೆ ಬಿದ್ದ ಕೈದಿಗಳ ಆಸ್ಪತ್ರೆಯೊಂದಿತ್ತು. ಅಲ್ಲಿ ಕೆಲವರಿಗೆ 77 ದಿನ ಬಿಡದೆ ಎಲ್‌ಎಸ್‌ಡಿ ಕೊಟ್ಟರು. ಪ್ರಯೋಗಕ್ಕೆ ಒಪ್ಪಿದವರಿಗೆ ಸಂಬಳ ಏನು ಗೊತ್ತೇ? ಅವರು ಯಾವ ಚಟ ಬಿಡಲು ಬಂದಿದ್ದರೋ ಅದೇ ಮಾದಕವಸ್ತು. ಅವರಲ್ಲಿ ಬಹಳ ಮಂದಿ ಕಪ್ಪು ಜನ. ಕೆನಡಾದ ಮಾಂಟ್ರಿಯಲ್‌ನಲ್ಲಿ ಇವೆನ್ ಕ್ಯಾಮರಾನ್ ಎಂಬ ವೈದ್ಯ, ಖಿನ್ನತೆಯೆಂದು ಚಿಕಿತ್ಸೆಗೆ ಬಂದವರಿಗೆ ಮತ್ತೆ ಮತ್ತೆ ಕರೆಂಟು ಕೊಟ್ಟ, ವಾರಗಟ್ಟಲೆ ಮಲಗಿಸಿ ಒಂದೇ ಮಾತನ್ನು ಟೇಪಿನಲ್ಲಿ ಸಾವಿರಾರು ಸಲ ಕೇಳಿಸಿದ. ಹೆತ್ತ ಮಕ್ಕಳ ಗುರುತೂ ಸಿಗದಂತಾಗಿ ಮನೆಗೆ ಹೋದವರುಂಟು. ಅವನಿಗೂ ಸಿಐಎ ದುಡ್ಡು ಹೋಗಿತ್ತು.

ಆ ದಿನಗಳಲ್ಲಿ ಆ ಕೈದಿಯೊಬ್ಬ ಹೊರಗೆ ಬಂದು "ಸರ್ಕಾರ ನನ್ನ ತಲೆ ಕೆಡಿಸ್ತಾ ಇದೆ" ಅಂದಿದ್ದರೆ ಊರು ಏನನ್ನುತ್ತಿತ್ತು? ಹುಚ್ಚ ಅನ್ನುತ್ತಿತ್ತು. ಅವನು ಹೇಳಿದ್ದು ಮಾತ್ರ ಸತ್ಯ.

ಇದು ಹೊರಗೆ ಬಿದ್ದ ಬಗೆಯನ್ನೂ ನೋಡಬೇಕು. 1973ರಲ್ಲಿ ಸಿಐಎ ಮುಖ್ಯಸ್ಥ ರಿಚರ್ಡ್ ಹೆಲ್ಮ್ಸ್, ಎಂಕೆ-ಅಲ್ಟ್ರಾದ ಕಡತಗಳನ್ನೆಲ್ಲ ನಾಶಮಾಡಿ ಎಂದು ಅಪ್ಪಣೆ ಕೊಟ್ಟ. ನಾಶಮಾಡಿದರು. 1975ರಲ್ಲಿ ಸೆನೆಟಿನ ಚರ್ಚ್ ಸಮಿತಿ ವಿಚಾರಣೆಗೆ ಕೂತಾಗ ಕೈಗೆ ಸಿಕ್ಕಿದ್ದು ಅಷ್ಟಿಷ್ಟು. 1977ರಲ್ಲಿ, ಮಾಹಿತಿ ಕೇಳುವ ಕಾನೂನಿನಡಿ ಬಂದ ಅರ್ಜಿಯ ದೆಸೆಯಿಂದ, ಲೆಕ್ಕಪತ್ರದ ಪೆಟ್ಟಿಗೆಗಳಲ್ಲಿ ಮರೆತು ಉಳಿದಿದ್ದ ಸುಮಾರು 20,000 ಪುಟಗಳು ಸಿಕ್ಕವು. ಪಾಪ ಸುಟ್ಟುಹೋಯಿತು, ಪಾಪದ ಖರ್ಚಿನ ಬಿಲ್ಲು ಉಳಿಯಿತು! ಇವತ್ತು ಜಗತ್ತಿಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಆ ಬಿಲ್ಲುಗಳಿಂದ. ಮಾಂಟ್ರಿಯಲ್‌ನ ಒಂಬತ್ತು ಮಂದಿಗೆ ಸಿಐಎ ಪರಿಹಾರ ಕೊಟ್ಟಿದ್ದು 1988ರಲ್ಲಿ. ಲೆಕ್ಸಿಂಗ್ಟನ್ನಿನ ಕೈದಿಗಳ ಪರವಾಗಿ ಅಂಥ ಮೊಕದ್ದಮೆ ನಡೆಸುವವರು ಯಾರಿದ್ದರು?

ಈಗ ತಲೆಯಾಡಿಸುವವರಿಗೆ ಒಂದು ಮಾತು. ಅಂದು ಹಾಗೆ ಮಾಡಿದರು ಎಂಬುದರಿಂದ ಇಂದು ಇವನಿಗೆ ಹೀಗೇ ಮಾಡುತ್ತಿದ್ದಾರೆ ಎಂದು ಸಾಬೀತಾಗುವುದಿಲ್ಲ. ಖಾಲಿ ಬೀರು ಒಂದೇ ಒಂದು ಸಂಗತಿ ಹೇಳುತ್ತದೆ: ಯಾರೋ ಖಾಲಿ ಮಾಡಿದ್ದಾರೆ. ಅದರಲ್ಲಿ ಏನಿತ್ತು ಅನ್ನೋದನ್ನು ಅದು ಹೇಳುವುದಿಲ್ಲ. ಆ ಜಾಗಕ್ಕೆ ನಮಗೆ ತೋಚಿದ್ದನ್ನು ತುಂಬುವುದು ಸತ್ಯಶೋಧನೆಯಲ್ಲ.

ವಿಜ್ಞಾನ ಎಷ್ಟು ಹೇಳುತ್ತದೋ ಅಷ್ಟು ತಿಳಿಯೋಣ. 1960ರ ದಶಕದ ಮೊದಲಲ್ಲೇ ಅಲನ್ ಫ್ರೇ ಎಂಬ ವಿಜ್ಞಾನಿ, ಮೈಕ್ರೋವೇವ್ ಅಲೆಯನ್ನು ತುಂಡುತುಂಡಾಗಿ ಬಿಟ್ಟರೆ ಮನುಷ್ಯನ ತಲೆಯೊಳಗೆ ಟಿಕ್‌ಟಿಕ್, ಗುಂಯ್ ಎಂಬ ಸದ್ದು ಕೇಳುತ್ತದೆಂದು ತೋರಿಸಿದ. ಅಲೆ ಬಿದ್ದಾಗ ತಲೆಯೊಳಗೆ ಅತಿ ಸೂಕ್ಷ್ಮವಾಗಿ ಬಿಸಿಯೇರಿ, ಆ ಹಿಗ್ಗುವಿಕೆಯ ಒತ್ತಡ ಒಳಗಿವಿಗೆ ತಲುಪುತ್ತದೆ. ಇದು ನಿಜ. ಅಮೆರಿಕದ ಸೈನ್ಯ 95 ಗಿಗಾಹರ್ಟ್ಸ್ ಅಲೆ ಬಿಟ್ಟು ಚರ್ಮಕ್ಕೆ ಸುಡುವ ನೋವು ಕೊಡುವ ಯಂತ್ರ ಮಾಡಿತು, ಗುಂಪು ಚದುರಿಸೋಕಂತೆ. 2010ರಲ್ಲಿ ಅದನ್ನು ಅಫ್ಘಾನಿಸ್ತಾನಕ್ಕೆ ಸಾಗಿಸಿ, ಬಳಸದೆ ವಾಪಸು ತಂದರು. ನಮ್ಮ ಡಿಆರ್‌ಡಿಓ 2025ರ ಏಪ್ರಿಲಿನಲ್ಲಿ ಕರ್ನೂಲಿನಲ್ಲಿ 30 ಕಿಲೋವ್ಯಾಟ್ ಲೇಸರಿನಿಂದ ಡ್ರೋನ್ ಹೊಡೆದು ತೋರಿಸಿತು. ಇವೂ ನಿಜ. ಆದರೆ ತಲೆಯೊಳಗಿನ ಟಿಕ್‌ಟಿಕ್ ಸದ್ದಿಗೂ, ಎಲ್ಲೋ ಕೂತು ಒಬ್ಬನ ಯೋಚನೆ ಓದಿ ಅವನಿಗೆ ಹಗಲೂರಾತ್ರಿ ಮಾತು ಕೇಳಿಸುವುದಕ್ಕೂ ನಡುವೆ ಬಲು ದೂರವಿದೆ. ಆ ದೂರ ದಾಟಿದ್ದಾರೆಂದು ತೋರಿಸುವ ಸಾರ್ವಜನಿಕ ದಾಖಲೆ ಇಲ್ಲ. ಮಿದುಳಿಗೆ ಯಂತ್ರ ಜೋಡಿಸುವ ಇಂದಿನ ಚಿಕಿತ್ಸೆಗಳಿಗೂ ತಲೆಬುರುಡೆ ಕೊರೆಯಬೇಕು, ಇಲ್ಲವೇ ತಲೆಗೆ ಸಾಧನ ಕಟ್ಟಬೇಕು.

ಉಳ್ಳವರ ತಲೆನೋವಿಗೂ ಇದೇ ಒರೆಗಲ್ಲು. 2016ರ ಕೊನೆಯಲ್ಲಿ ಕ್ಯೂಬಾದ ಹವಾನಾದಲ್ಲಿದ್ದ ಅಮೆರಿಕದ ರಾಜತಾಂತ್ರಿಕ ಸಿಬ್ಬಂದಿ, ವಿಚಿತ್ರ ಸದ್ದು, ತಲೆಸುತ್ತು, ನೋವು ಎಂದರು. 2020ರಲ್ಲಿ ಅಲ್ಲಿನ ವಿಜ್ಞಾನ ಅಕಾಡೆಮಿಗಳ ಸಮಿತಿ, ಮೈಕ್ರೋವೇವಿನಂಥ ಅಲೆಯೇ ಹೆಚ್ಚು ಸಂಭವ ಎಂದಿತು. 2023ರಲ್ಲಿ ಅಲ್ಲಿನ ಗುಪ್ತಚರ ಸಂಸ್ಥೆಗಳಲ್ಲಿ ಹೆಚ್ಚಿನವು, ಇದು ಶತ್ರುದೇಶದ ಕೆಲಸ ಆಗಿರುವುದು ತೀರಾ ಅಸಂಭವ ಎಂದವು. 2024ರ ಸರ್ಕಾರಿ ವೈದ್ಯಕೀಯ ಅಧ್ಯಯನದಲ್ಲಿ ಮಿದುಳಿನ ಚಿತ್ರಗಳಲ್ಲಿ ಗಾಯದ ಗುರುತು ಸಿಗಲಿಲ್ಲ. ಆದರೂ ಅವರ ನರಳಾಟ ನಿಜ ಎಂದು ವೈದ್ಯರು ಹೇಳಿದರು. ಅವರು ಧ್ವನಿಮುದ್ರಿಸಿಕೊಂಡಿದ್ದ ಒಂದು ಸದ್ದನ್ನು 2019ರಲ್ಲಿ ಇಬ್ಬರು ವಿಜ್ಞಾನಿಗಳು ಕೇಳಿ, ಇದು ಒಂದು ಜಾತಿಯ ಜೀರುಂಡೆಯ ಕೂಗು ಎಂದರು! ಕಾರಣ ತೀರ್ಮಾನವಾಗುವ ಮೊದಲೇ, 2021ರಲ್ಲಿ, ಅವರಿಗೆ ಪರಿಹಾರ ಕೊಡಲು ಕಾನೂನೇ ಬಂತು. ಬರಲಿ, ಹೊಟ್ಟೆಕಿಚ್ಚಿಲ್ಲ. ನೋವನ್ನು ನಂಬಿ, ಕಾರಣವನ್ನು ಹುಡುಕುವುದು ಸರಿಯಾದ ಕ್ರಮವೇ. ನಮ್ಮ ತಕರಾರು ಇಷ್ಟೇ: ಕೋಟು ಹಾಕಿದವನ ನೋವಿಗೆ ಸಮಿತಿ ಕೂರುತ್ತದೆ, ಕೈದಿಯ ನೋವಿನ ಕಡತ ಸುಡುತ್ತದೆ.

ನಮ್ಮ ನೆಲದಲ್ಲಿ ಇಂಥದ್ದು ನಡೆದೇ ಇಲ್ಲವೇ? ನಡೆದಿದೆ, ಹಾಡಹಗಲೇ. 2000ರ ನಂತರದ ವರ್ಷಗಳಲ್ಲಿ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ಮಂಪರು ಪರೀಕ್ಷೆಗೆ ದೇಶಕ್ಕೇ ಹೆಸರಾಯಿತು. ಆರೋಪಿಯ ನರಕ್ಕೆ ಪೆಂಟೋಥಾಲ್ ಚುಚ್ಚಿ ಅರೆಮಂಪರಿನಲ್ಲಿ ಮಾತಾಡಿಸುವುದು. ತಲೆಗೆ ತಂತಿ ಅಂಟಿಸಿ ಮಿದುಳಿನ ವಿದ್ಯುತ್ ಅಲೆಗಳಲ್ಲಿ ಅಪರಾಧದ ನೆನಪು ಹುಡುಕುವುದು. ಟಿವಿಗಳು ಅದನ್ನು ಸಿನಿಮಾದ ಹಾಗೆ ತೋರಿಸಿದವು. 2010ರ ಮೇ 5ರಂದು 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮನುಷ್ಯನ ಒಪ್ಪಿಗೆಯಿಲ್ಲದೆ ಇವನ್ನು ಮಾಡಕೂಡದು ಎಂದಿತು. ತನ್ನ ವಿರುದ್ಧ ತಾನೇ ಸಾಕ್ಷಿಯಾಗದಿರುವ ಹಕ್ಕು, ಸಂವಿಧಾನದ 20(3)ನೇ ವಿಧಿ, ಮಿದುಳಿಗೂ ಅನ್ವಯ ಎಂಬ ಮಾತು ಅದು. ದೊಡ್ಡ ತೀರ್ಪು. ಆದರೆ ಒಪ್ಪಿಗೆ ಅಂದರೇನು? ಲಾಕಪ್ಪಿನಲ್ಲಿ ಕೂತ ಕೂಲಿಯವನಿಗೆ "ಸೈನ್ ಹಾಕ್ತೀಯೋ ಇಲ್ವೋ" ಅಂದಾಗ, ಇಲ್ಲ ಅನ್ನುವ ಗಂಟಲು ಎಷ್ಟು ಜನರಿಗಿದೆ? ಲೆಕ್ಸಿಂಗ್ಟನ್ನಿನ ಕೈದಿಯೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವನೇ.

ಇನ್ನೊಂದು ಸಂಗತಿ. ನಮಗೆ 2005ರಿಂದ ಮಾಹಿತಿ ಹಕ್ಕಿನ ಕಾನೂನಿದೆ. ಅದರ 24ನೇ ಕಲಮು ಬೇಹುಗಾರಿಕೆ ಮತ್ತು ಭದ್ರತೆಯ ಸಂಸ್ಥೆಗಳನ್ನು ಹೊರಗಿಟ್ಟಿದೆ. ಆ ಪಟ್ಟಿಯಲ್ಲಿ ಡಿಆರ್‌ಡಿಓ ಕೂಡ ಇದೆ. ಆದರೆ ಅದೇ ಕಲಮಿನಲ್ಲಿ ಒಂದು ಕಿಂಡಿಯೂ ಇದೆ: ಭ್ರಷ್ಟಾಚಾರ ಮತ್ತು ಮಾನವ ಹಕ್ಕುಗಳ ಉಲ್ಲಂಘನೆಯ ಆರೋಪಕ್ಕೆ ಸಂಬಂಧಿಸಿದ ಮಾಹಿತಿಗೆ ಈ ವಿನಾಯಿತಿ ಇಲ್ಲ. ಆ ಕಿಂಡಿಯನ್ನು ಬಾಗಿಲು ಮಾಡುವುದು ಚಳವಳಿಯ ಕೆಲಸ. ಚಿಲಿ ದೇಶ 2021ರಲ್ಲಿ ಮಿದುಳಿನ ಚಟುವಟಿಕೆಗೆ ರಕ್ಷಣೆಯನ್ನು ತನ್ನ ಸಂವಿಧಾನದಲ್ಲೇ ಬರೆದುಕೊಂಡಿತು. ನಾವೂ ಕೇಳಬಹುದಾದ ಹಕ್ಕು ಇದು.

ಅನುಮಾನ ನಮ್ಮ ಆಯುಧ, ನಿಜ. ಆದರೆ ಅದಕ್ಕೆ ಹಿಡಿ ಇರಬೇಕು. ಇಲ್ಲದಿದ್ದರೆ ಕೈ ಕೊಯ್ಯುತ್ತದೆ. ಕಲಬುರಗಿ-ಬೀದರ ಸೀಮೆಯವರು ಬಾನಾಮತಿಯ ಹಾವಳಿ ಬಲ್ಲರು. ಒಬ್ಬ ಹೆಣ್ಣುಮಗಳು ಮೈಮೇಲೆ ಎಚ್ಚರವಿಲ್ಲದೆ ಬೀಳುತ್ತಾಳೆ. ಅವಳ ಸಂಕಟ ಸುಳ್ಳಲ್ಲ. "ಯಾರು ಮಾಡಿಸಿದ್ದು?" ಎಂದು ಊರು ಕೇಳುತ್ತದೆ. ಬೆರಳು ಹೋಗುವುದು ಗೌಡನ ಮನೆಗಲ್ಲ, ಕೇರಿಯ ಮುದುಕಿಯ ಗುಡಿಸಲಿಗೆ. ಪುರಾವೆ ಬೇಡದ ಆರೋಪ ಯಾವತ್ತೂ ಇಳಿಜಾರಿನ ಕಡೆಗೇ ಹರಿಯುತ್ತದೆ. ಅದಕ್ಕೇ ನಾವು ಪುರಾವೆಯನ್ನು ಬಿಟ್ಟುಕೊಡಬಾರದು. ಪುರಾವೆ ಉಳ್ಳವರ ಆಸ್ತಿಯಲ್ಲ, ನಮ್ಮನ್ನು ಕಾಯುವ ಬೇಲಿ.

ಹಾಗಾದರೆ ಆ ಹುಡುಗನಿಗೆ ಏನು ಹೇಳುವುದು? ನಾವು ಮಾಡಿದ್ದನ್ನೇ ಹೇಳುತ್ತೇವೆ. ಮಾರನೆಯ ದಿನ ಅವನ ಜೊತೆ ಕೂತೆವು. "ನಿನಗೆ ಕೇಳ್ತಾ ಇರೋದು ಸುಳ್ಳು ಅಂತ ನಾವು ಅನ್ನಲ್ಲ. ಅದು ಎಲ್ಲಿಂದ ಬರ್ತಾ ಇದೆ ಅನ್ನೋದನ್ನ ಸೇರಿ ಹುಡುಕೋಣ. ಮೊದಲು ನಿದ್ದೆ ಬರಲಿ" ಅಂದೆವು. ಒಬ್ಬರು ಅವನನ್ನು ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋದರು, ಸಾಲಿನಲ್ಲಿ ಜೊತೆಗೆ ನಿಂತರು. ಇಲ್ಲದ ಯಂತ್ರವೊಂದನ್ನು ನಿಜವೆಂದು ಹೇಳಿ ಅವನ ಭಯಕ್ಕೆ ಸೌದೆ ಹಾಕಲಿಲ್ಲ. ಈಗ ಅವನು ನಿದ್ದೆ ಮಾಡುತ್ತಾನೆ. ಮೊನ್ನೆ ಸಿಕ್ಕಾಗ, "ಸಾರ್, ಆವತ್ತು ಒಬ್ಬರು ನಕ್ಕರಲ್ಲ, ಅದು ಇನ್ನೂ ಕೇಳಿಸ್ತದೆ" ಅಂದ.

ಗೆಳೆಯರೇ, ನಮ್ಮ ನಿಲುವು ಇಷ್ಟು. ನೊಂದವನು ನೋವಿದೆ ಅಂದರೆ ನಂಬಬೇಕು, ಅದಕ್ಕೆ ಅವನು ಸಾಕ್ಷಿ ತರಬೇಕಾಗಿಲ್ಲ. ಕಾರಣ ಇಂಥದ್ದು ಅಂದರೆ ಪರೀಕ್ಷಿಸಬೇಕು, ಹೇಳಿದವರು ನಮ್ಮವರೇ ಆಗಿದ್ದರೂ. ಬೀರುವಿನ ಬೀಗದ ಕೈ ಇಟ್ಟುಕೊಂಡವರು "ಪುರಾವೆ ತಾ" ಅಂದರೆ, "ಮೊದಲು ಬೀರು ತೆಗೆ" ಅನ್ನಬೇಕು.